ಲಿಫ್ಟ್ ಮಾಮನ ಬೂದು ಬಣ್ಣದ ಮನೆ

ಅವನ ಕೆಲಸ ಲಿಫ್ಟ್ ರಿಪೇರಿ. ಅವನಿರುವ ಕಟ್ಟಡದ ಮಕ್ಕಳೆಲ್ಲ ಅವನನ್ನು ಲಿಫ್ಟ್ ಮಾಮ ಎಂದೇ ಕರೆಯುತ್ತಾರೆ. ಕೆಲವು ದೊಡ್ಡವರೂ ಹಾಗೇ ಕರೆಯುತ್ತಾರೆ, ಅವನಿಗೇನೂ ಬೇಸರವಿಲ್ಲ. ಬೆಳಗ್ಗೆ ಗ್ರೀಸ್ ಡಬ್ಬಿ, ಟಾರ್ಚು, ಸ್ಪ್ಯಾನರುಗಳ ಚೀಲವನ್ನು ಹೆಗಲಿಗೇರಿಸಿ ಹೊರಟರೆ ಸಂಜೆಯವರೆಗೆ ಕಟ್ಟಡಗಳ ಹೊಟ್ಟೆಯೊಳಗೆ ಇಳಿದು ಹತ್ತುವುದೇ ಆಯಿತು. ಮನೆಗೆ ಬಂದು, ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಕಿಟಕಿಯ ಪಕ್ಕದ ಮೇಜಿಗೆ ಕೂತನೆಂದರೆ ಅವನ ಇನ್ನೊಂದು ಕೆಲಸ ಶುರು. ಅದು ಹೊಟ್ಟೆಪಾಡಿನ ಕೆಲಸವಲ್ಲ.

ಅವನು ಚಿಕ್ಕವನಿದ್ದಾಗ ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್ ಒಂದು ಮನೆಯಲ್ಲಿತ್ತು. ಇಟ್ಟಿಗೆಯಂಥ ಪೆಟ್ಟಿಗೆ, ಅದರಲ್ಲಿ ಬೂದು ಬಣ್ಣದ ಪುಟ್ಟ ಪರದೆ. ಪರದೆಗೆ ತನ್ನದೇ ಬೆಳಕಿರಲಿಲ್ಲ. ಕಿಟಕಿಯ ಕಡೆಗೋ ಬಲ್ಬಿನ ಕಡೆಗೋ ಓರೆಯಾಗಿ ಹಿಡಿದರೆ ಮಾತ್ರ ಚಿತ್ರ ಕಾಣುತ್ತಿತ್ತು. ಆ ಪೆಟ್ಟಿಗೆ ತಯಾರಾಗುವುದು ನಿಂತು ಎಷ್ಟೋ ಕಾಲವಾಯಿತು. ಆದರೆ ಅದನ್ನು ಮರೆಯಲಾರದವರು ಅಲ್ಲಲ್ಲಿ ಮನೆಯಲ್ಲೇ ಕೂತು ಅದಕ್ಕೆ ಹೊಸ ಹೊಸ ಆಟಗಳನ್ನು ಬರೆಯುತ್ತಲೇ ಇದ್ದಾರೆ. ಯಾರು ಕೇಳಿದರು, ಯಾರು ಕೊಳ್ಳುತ್ತಾರೆ ಎಂಬ ಲೆಕ್ಕವೇ ಇಲ್ಲ. ಲಿಫ್ಟ್ ಮಾಮ ಅಂಥವರಲ್ಲಿ ಒಬ್ಬ.

ಆ ಗುಂಪಿನವರು ಆಗಾಗ ಗ್ರಂಥಾಲಯದ ಕೆಳಗಿನ ಹಾಲಿನಲ್ಲಿ ಮೇಜು ಹಾಕಿ ತಮ್ಮ ಆಟಗಳನ್ನು ತೋರಿಸುತ್ತಾರೆ. ಮೊದಮೊದಲು ಪೆಟ್ಟಿಗೆಗಳನ್ನೇ ಇಡುತ್ತಿದ್ದರು. ಕೈಗೆ ತೆಗೆದುಕೊಂಡವರು ಬಿಡುತ್ತಿರಲಿಲ್ಲ, ಹಿಂದೆ ನಿಂತವರು ಗೊಣಗುತ್ತಿದ್ದರು. ಒಂದು ಮಗುವಂತೂ ಬಟನ್ನನ್ನೇ ಕಚ್ಚಿ ಕಿತ್ತು ಹಾಕಿತು. ಆಗ ಲಿಫ್ಟ್ ಮಾಮನೇ ಒಂದು ಉಪಾಯ ಹುಡುಕಿದ. ಪ್ರತಿ ಆಟದ ಚೆಂದದ ಭಾಗಗಳನ್ನು ವಿಡಿಯೋ ಮಾಡಿ, ಕತ್ತರಿಸಿ ಜೋಡಿಸಿ, ಇಸ್ಪೀಟು ಕಟ್ಟಿನಷ್ಟು ಪುಟ್ಟ ಕಂಪ್ಯೂಟರಿಗೆ ತುಂಬಿದ. ಅದನ್ನು ಹಳೆಯ ಮಾನಿಟರಿನ ಬೆನ್ನಿಗೆ ಟೇಪು ಸುತ್ತಿ ಅಂಟಿಸಿದ. ಕ್ಲಿಪ್ಪು ಮುಗಿದರೆ ತಾನಾಗಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ನೋಡುವವರು ನೋಡಲಿ, ಇಷ್ಟವಾದರೆ ಕೇಳಿ ಆಡಲಿ. ಈಗ ಗುಂಪಿನವರೆಲ್ಲ ತಮ್ಮ ಆಟಗಳನ್ನು ಅವನಿಗೇ ಕಳಿಸುತ್ತಾರೆ. "ಮಾಮ, ನೀವು ಕ್ಲಿಪ್ ಮಾಡಿದ್ರೆ ನಮ್ಮ ಆಟ ನಮಗೇ ಹೊಸದಾಗಿ ಕಾಣತ್ತೆ" ಎಂದು ಒಬ್ಬಾಕೆ ಹೇಳಿದ್ದಳು. ಅವತ್ತು ಅವನು ನಾಚಿಕೊಂಡು ಟೇಪು ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗಿದ್ದ.

ಅವನ ಕ್ಲಿಪ್ಪು ಎಲ್ಲೂ ತಡವರಿಸದೆ ಓಡುವುದಕ್ಕೆ ಒಂದು ಕಾರಣವಿತ್ತು. ವಿಡಿಯೋ ಎಂದರೆ ಒಂದರ ಹಿಂದೊಂದು ಓಡುವ ಚಿತ್ರಗಳ ಸಾಲು. ಪುಟ್ಟ ಕಂಪ್ಯೂಟರಿಗೆ ಭಾರವಾಗದಿರಲೆಂದು ಅವನು ಒಂದು ಚಿತ್ರ ಇಟ್ಟುಕೊಂಡು ಮುಂದಿನದನ್ನು ತೆಗೆದುಹಾಕುತ್ತಿದ್ದ, ಮತ್ತೆ ಒಂದು ಇಟ್ಟುಕೊಂಡು ಇನ್ನೊಂದನ್ನು ತೆಗೆಯುತ್ತಿದ್ದ. ನೋಡುವವರಿಗೆ ಗೊತ್ತೇ ಆಗುತ್ತಿರಲಿಲ್ಲ. ಎಲ್ಲ ಕ್ಲಿಪ್ಪುಗಳಿಗೂ ಇದೇ ಪದ್ಧತಿ.

ಹೋದ ವರ್ಷ ಅವನ ಅಕ್ಕನಿಗೆ ಕಣ್ಣಿನ ಪೊರೆ ಶುರುವಾಯಿತು. ಅಕ್ಕನ ಮನೆ ಎರಡು ಬೀದಿ ಆಚೆ. ಒಂದು ಭಾನುವಾರ ಅವಳ ಮನೆಯಲ್ಲಿ ಊಟಕ್ಕೆ ಕೂತಾಗ ಅವಳು ಬಡಿಸುತ್ತಾ ಬಡಿಸುತ್ತಾ ನಿಂತುಬಿಟ್ಟಳು.

"ಲೋ, ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ನಮ್ಮನ್ನ ನೋಡ್ತಾ ಇರ್ತಿದ್ಳಲ್ಲ, ನೆನಪಿದ್ಯಾ?"

"ಯಾಕಿಲ್ಲ ಅಕ್ಕ?"

"ನಂಗೆ ಅದು ಅಳಿಸಿ ಹೋಗ್ತಾ ಇದೆ ಕಣೋ. ಮುಖ ಇದೆ, ದನಿ ಇದೆ. ಹೇಗೆ ನಿಲ್ತಿದ್ಳು ಅನ್ನೋದು ಮಾತ್ರ ಕಣ್ಮುಂದೆ ಬರಲ್ಲ. ಒಂದು ಫೋಟೋನಾದ್ರೂ ಇದ್ದಿದ್ರೆ..."

"ಕನ್ನಡಕ ಒರೆಸ್ಕೋ, ಬರತ್ತೆ" ಎಂದರು ಭಾವ. ಅಕ್ಕ ನಗಲಿಲ್ಲ.

ಅವರಿಬ್ಬರೂ ಬೆಳೆದ ಆ ಮನೆಯಲ್ಲಿ ತೆಗೆದ ಫೋಟೋ ಒಂದೂ ಇರಲಿಲ್ಲ. ಮನೆಯೂ ಇರಲಿಲ್ಲ. ಇಸ್ತ್ರಿ ಅಂಗಡಿಯ ಮೇಲಿನ ಬಾಡಿಗೆ ಮನೆ ಅದು. ಕೆಳಗಿನಿಂದ ಸದಾ ಬಿಸಿ ಬಟ್ಟೆಯ ವಾಸನೆ ಬರುತ್ತಿತ್ತು. ಅದನ್ನು ಕೆಡವಿ ಕಟ್ಟಿದ ಎತ್ತರದ ಕಟ್ಟಡದ ಲಿಫ್ಟನ್ನು ಈಗ ನೋಡಿಕೊಳ್ಳುವವನು ಇವನೇ. ಅಂದಾಜಿನ ಮೇಲೆ ಹೇಳುವುದಾದರೆ ಅಡುಗೆಮನೆ ಇದ್ದ ಜಾಗದಲ್ಲಿ ಲಿಫ್ಟು ಓಡಾಡುತ್ತದೆ. ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಲಿಫ್ಟಿನ ಕಂಬಿಗಳಿಗೆ ಗ್ರೀಸು ಬಳಿಯುವಾಗ ಅವನು ಒಮ್ಮೊಮ್ಮೆ ಕೈ ನಿಲ್ಲಿಸಿ ಸುಮ್ಮನೆ ಸುತ್ತ ನೋಡುತ್ತಿದ್ದ. ಸಿಮೆಂಟು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ.

ಅಮ್ಮನನ್ನು ಅಕ್ಕನಿಗೆ ಒಂದು ಸಲ ತೋರಿಸಬೇಕು ಎಂದು ಅವನು ಆ ಭಾನುವಾರವೇ ನಿಶ್ಚಯಿಸಿಕೊಂಡ. ತನಗೆ ಗೊತ್ತಿದ್ದ ದಾರಿಯಲ್ಲೇ ಹೊರಟ. ಆ ಮನೆಯನ್ನೇ ಒಂದು ಆಟ ಮಾಡಿದ. ಜಡೆಯ ಹುಡುಗಿಯೊಬ್ಬಳು ಕಳೆದುಹೋದ ಬಾಚಣಿಗೆ, ಬೀಗದ ಕೈ, ಒಂಟಿ ಚಪ್ಪಲಿ ಹುಡುಕುತ್ತಾ ಕೋಣೆಯಿಂದ ಕೋಣೆಗೆ ಓಡಾಡುವ ಆಟ. ಕಬ್ಬಿಣದ ಮೆಟ್ಟಿಲು, ಗಾಜಿನ ಬದಲು ರಟ್ಟು ಸಿಕ್ಕಿಸಿದ ಕಿಟಕಿ, ಒಂದು ಕಾಲು ಗಿಡ್ಡವಾದ ಮಂಚ, ಎಲ್ಲವನ್ನೂ ಚುಕ್ಕೆ ಚುಕ್ಕೆಯಾಗಿ ಬರೆದ. ಅಮ್ಮ ಮಾತ್ರ ಕೈಗೆ ಸಿಗಲಿಲ್ಲ. ಆ ಪರದೆಗೆ ಇರುವುದೇ ನಾಲ್ಕು ಬಗೆಯ ಬೂದು. ಗಟ್ಟಿಯಾಗಿ ಬರೆದರೆ ಅಮ್ಮ ಆಟದ ವೈರಿಯಂತೆ ಕಾಣುತ್ತಿದ್ದಳು. ಆಡಿ ನೋಡಲು ಕೊಟ್ಟಾಗ ಮೇಲಿನ ಮನೆಯ ಪುಟ್ಟಿ ಹಿಂದೆಮುಂದೆ ನೋಡದೆ ಅಮ್ಮನ ತಲೆಯ ಮೇಲೆ ಹಾರಿದ್ದಳು!

ಕೊನೆಗೆ ಆಟ ಬರೆಯುತ್ತಿದ್ದ ಹಳಬರಿಗೆ ಗೊತ್ತಿದ್ದ ಒಂದು ಉಪಾಯ ನೆನಪಾಯಿತು. ಆಟವೂ ವಿಡಿಯೋದಂತೆ ಓಡುವ ಚಿತ್ರಗಳ ಸಾಲೇ. ಅಮ್ಮನನ್ನು ಒಂದು ಚಿತ್ರದಲ್ಲಿ ಬರೆದ, ಮುಂದಿನದರಲ್ಲಿ ಬಿಟ್ಟ, ಮತ್ತೆ ಬರೆದ, ಮತ್ತೆ ಬಿಟ್ಟ. ಆ ಹಳೆಯ ಪರದೆ ಬಲು ನಿಧಾನಿ; ಒಂದು ಚಿತ್ರ ಪೂರ್ತಿ ಅಳಿಯುವ ಮೊದಲೇ ಇನ್ನೊಂದು ಬಂದು ಕೂರುತ್ತದೆ. ಎರಡೂ ಕಲೆತು ಅಮ್ಮ ತೆಳುವಾದ ನೆರಳಿನಂತೆ, ಹಿಂದಿನ ಗೋಡೆ ಕಾಣುವಂತೆ, ಬಾಗಿಲಲ್ಲಿ ಬಂದು ನಿಂತಳು. ಅವನು ಪೆಟ್ಟಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಟೀ ತಣ್ಣಗಾಗಿ ಕೆನೆ ಕಟ್ಟಿತು.

ಪುಟ್ಟ ಪರದೆ ಅಕ್ಕನ ಕಣ್ಣಿಗೆ ನಿಲುಕದು ಎಂದು ದೊಡ್ಡ ಮಾನಿಟರಿನಲ್ಲಿ ತೋರಿಸಲು ಕ್ಲಿಪ್ಪು ಮಾಡಿದ. ಮನೆಯ ಕಂಪ್ಯೂಟರಿನಲ್ಲಿ ಪರೀಕ್ಷಿಸಿದಾಗ ಅಮ್ಮ ಕೊಂಚ ನಡುಗುತ್ತಿದ್ದರೂ ಇದ್ದಳು. ಆಮೇಲೆ ಉಳಿದವರ ಕ್ಲಿಪ್ಪುಗಳ ಜೊತೆ ಅದನ್ನೂ ಎಂದಿನಂತೆ ಪುಟ್ಟ ಕಂಪ್ಯೂಟರಿಗೆ ಇಳಿಸಿದ.

ಪ್ರದರ್ಶನದ ದಿನ ಅಕ್ಕ ಭಾವನ ತೋಳು ಹಿಡಿದು ಬಂದಳು. ಅವನು ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿ ಮಾನಿಟರಿನ ಮುಂದೆ ಹಾಕಿದ.

"ಏನಯ್ಯಾ, ಸಿನಿಮಾ ಉಚಿತಾನಾ?" ಎಂದರು ಭಾವ.

"ನೀವು ಮಾತಾಡದಿದ್ರೆ ಉಚಿತ ಭಾವ."

ಕ್ಲಿಪ್ಪು ಶುರುವಾಯಿತು. ಅಕ್ಕ ಮೂಗು ಮುಂದೆ ಚಾಚಿ ಕೂತಳು. ಮೆಟ್ಟಿಲು ಕಾಣುತ್ತಲೇ ಬಾಯಿಗೆ ಕೈ ಅಡ್ಡ ಹಿಡಿದಳು. "ಅಯ್ಯೋ, ನಮ್ಮ ಮೆಟ್ಲು! ರೀ, ಇಲ್ಲೇ ನಾನು ಬಿದ್ದು ಹಲ್ಲು ಮುರ್ಕೊಂಡಿದ್ದು. ಅಯ್ಯೋ, ಈ ಮಂಚ ನೋಡಿ! ಇದನ್ನೂ ಬಿಟ್ಟಿಲ್ಲ ಇವ್ನು!" ಪಕ್ಕದ ಮೇಜಿನವರೂ ತಿರುಗಿ ನೋಡಿ ನಕ್ಕರು. ಲಿಫ್ಟ್ ಮಾಮ ಪರದೆ ನೋಡುತ್ತಿರಲಿಲ್ಲ, ಅಕ್ಕನ ಮುಖ ನೋಡುತ್ತಿದ್ದ.

ಜಡೆಯ ಹುಡುಗಿ ಅಡುಗೆಮನೆಯ ಮುಂದೆ ಬಂದು ನಿಂತಳು. ಅಕ್ಕನ ಮುಖದ ನಗು ಮೆಲ್ಲಗೆ ಇಳಿಯಿತು. ಕ್ಲಿಪ್ಪು ಮುಗಿದು ಮತ್ತೆ ಮೆಟ್ಟಿಲಿನಿಂದ ಶುರುವಾಯಿತು. ಅವಳು ಎರಡನೇ ಸಲವೂ ಕಾದಳು.

"ಬಾಗಿಲು ಖಾಲಿ ಇದೆಯಲ್ಲೋ" ಎಂದಳು, ಅವನಿಗೆ ಮಾತ್ರ ಕೇಳುವಂತೆ. "ಹಾಗಾದ್ರೆ ನಿಂಗೂ ನೆನಪಿಲ್ವಾ?"

ಅವನು ಪರದೆಯ ಕಡೆ ತಿರುಗಿದ. ಬಾಗಿಲಿತ್ತು, ಹಿಂದೆ ಪಾತ್ರೆಗಳ ಸಾಲಿತ್ತು. ಅಮ್ಮ ಇರಲಿಲ್ಲ. ನೋಡಿದ ಕೂಡಲೇ ಅರ್ಥವಾಯಿತು. ಎಂದಿನ ಪದ್ಧತಿಯಲ್ಲಿ ಒಂದು ಬಿಟ್ಟು ಒಂದು ಚಿತ್ರ ತೆಗೆದಿದ್ದ. ಹಾಗೆ ತೆಗೆದವುಗಳಲ್ಲೇ ಅಮ್ಮನಿದ್ದ ಚಿತ್ರಗಳೆಲ್ಲ ಹೋಗಿ, ಅಮ್ಮನಿಲ್ಲದವು ಮಾತ್ರ ಉಳಿದಿದ್ದವು. ತನ್ನ ಕೈಯಾರೆ ಅಮ್ಮನನ್ನು ಗುಡಿಸಿ ಹಾಕಿದ್ದ.

"ಇದ್ದಾಳೆ ಅಕ್ಕ. ಅಮ್ಮ ಇದ್ದಾಳೆ. ನಾನು... ಈ ಕ್ಲಿಪ್ಪಲ್ಲಿ..."

"ಇರ್ಲಿ ಬಿಡೋ. ಇಷ್ಟು ಬರೆದಿದೀಯಲ್ಲ, ಅದೇ ಹೆಚ್ಚು. ವಯಸ್ಸಾದ್ಮೇಲೆ ಯಾರಿಗಾದ್ರೂ ಮರೆಯತ್ತೆ." ಅವಳು ಅವನನ್ನೇ ಸಮಾಧಾನ ಮಾಡತೊಡಗಿದ್ದು ಅವನಿಗೆ ತಾಳಲಾಗಲಿಲ್ಲ. ಚೀಲಕ್ಕೆ ಕೈ ಹಾಕಿ, ಸ್ಪ್ಯಾನರುಗಳನ್ನು ಝಣಝಣ ಸರಿಸಿ ಪೆಟ್ಟಿಗೆಯನ್ನು ಹೊರಗೆಳೆದ.

"ನಂಗೆಲ್ಲಿ ಕಾಣತ್ತೋ ಅದು, ಪರದೆ ಬೆಂಕಿಪೊಟ್ಟಣದಷ್ಟಿದೆ!"

"ಒಂದೇ ಒಂದು ಸಲ ಅಕ್ಕ. ಹೊರಗೆ ಬಾ, ಬೆಳಕಿದೆ."

ಹಾಲಿನ ಬಾಗಿಲಾಚೆ ಬಿಸಿಲು ಬಿದ್ದ ಮೆಟ್ಟಿಲಿತ್ತು. ಅಕ್ಕ ಅದರ ಮೇಲೆ ಕೂತು ಪೆಟ್ಟಿಗೆಯನ್ನು ದೂರ ಹಿಡಿದಳು, ಹತ್ತಿರ ಹಿಡಿದಳು, ತಲೆಯಾಡಿಸಿದಳು. ಕಾಣುತ್ತಿರಲಿಲ್ಲ. ಆಮೇಲೆ ಏನು ತೋಚಿತೋ, ಕನ್ನಡಕ ತೆಗೆದು ಭಾವನ ಕೈಗೆ ಕೊಟ್ಟು, ಪೆಟ್ಟಿಗೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ತಂದು, ಬಿಸಿಲಿಗೆ ಓರೆ ಮಾಡಿದಳು. ಚಿಕ್ಕಂದಿನ ರೂಢಿಯಂತೆ ಹೆಬ್ಬೆರಳು ತಾನಾಗಿ ಬಟನ್ ಹುಡುಕಿಕೊಂಡಿತು. ಪರದೆಯಲ್ಲಿ ಜಡೆಯ ಹುಡುಗಿ ಮೆಟ್ಟಿಲು ಹತ್ತಿದಳು, ಮಂಚ ದಾಟಿದಳು. ಹೆಬ್ಬೆರಳು ನಿಂತಿತು.

ಅವಳು ಉಸಿರು ಬಿಡುವುದು ಅವನಿಗೆ ಕೇಳಿಸಿತು.

"ಅತ್ತೆ ಸಿಕ್ಕಿದ್ರಾ?" ಎಂದರು ಭಾವ. ದನಿ ತಗ್ಗಿತ್ತು.

ಅಕ್ಕ ಪೆಟ್ಟಿಗೆಯನ್ನು ಇನ್ನಷ್ಟು ಓರೆ ಮಾಡಿ ನೋಡಿದಳು. ಒಮ್ಮೆಲೇ ಹುಬ್ಬು ಗಂಟಿಕ್ಕಿದಳು. "ಲೋ, ಇದೇನೋ ಇದು, ಎರಡು ಕಾಲೂ ನೆಲಕ್ಕೆ ಊರಿಸಿದೀಯ?"

"ಮತ್ತೆ?"

"ಅಮ್ಮ ಹಾಗೆ ಎಲ್ಲಿ ನಿಲ್ತಿದ್ಳೋ! ಬಾಗಿಲಿಗೆ ಭುಜ ಕೊಟ್ಟು, ಒಂದು ಪಾದದ ಮೇಲೆ ಇನ್ನೊಂದು ಪಾದ ಇಟ್ಕೊಂಡು. ನೆಲ ತಣ್ಣಗಿರ್ತಿತ್ತಲ್ಲ, ಅದಕ್ಕೆ."

"ಇಲ್ಲ ಅಕ್ಕ, ನಂಗೆ ಚೆನ್ನಾಗಿ ನೆನಪಿದೆ..."

"ಏನು ನೆನಪಿದೆ ನಿಂಗೆ, ಮಣ್ಣು! ರೀ, ಇದನ್ನ ಹಿಡ್ಕೊಳ್ಳಿ."

ಪೆಟ್ಟಿಗೆಯನ್ನು ಗಂಡನಿಗೆ ಕೊಟ್ಟು ಅವಳು ಮೊಣಕಾಲು ಒತ್ತಿ ಎದ್ದಳು. ಚಪ್ಪಲಿ ಕಳಚಿದಳು. ಹಾಲಿನ ಬಾಗಿಲ ಚೌಕಟ್ಟಿಗೆ ಭುಜ ಆನಿಸಿ, ಎಡ ಪಾದದ ಮೇಲೆ ಬಲ ಪಾದವಿಟ್ಟು, ತಲೆಯನ್ನು ಸ್ವಲ್ಪ ವಾಲಿಸಿ ನಿಂತಳು.

"ಹುಷಾರು ಕಣೇ, ಬೀಳ್ತೀಯ" ಎಂದು ಭಾವ ಕೈ ಚಾಚಿದರು.

"ಸುಮ್ನಿರಿ. ಅವ್ನು ನೋಡ್ಕೊಳ್ಲಿ. ನೋಡೋ, ಹೀಗೆ."

ಅವನು ನೋಡಿದ. ಅಕ್ಕ ಹೇಳಿದ್ದೇ ಸರಿ.