ಅರ್ಧ ಕೊಯ್ತಾ

‘ಡಾಕ್ಟರಬಾಯಿ, ನಮ್ಮ ಕೊಯ್ತಾ ಮುರ್ದದ್ರಿ. ದಸರಾದಾಗ ಮುಕಾದಮ ಬರ್ತಾನ. ಅಷ್ಟರಾಗ ಜೋಡ್ಸಿ ಕೊಡ್ರಿ.’

ಐವತ್ತು ದಾಟಿದ ಹೆಂಗಸು, ಡಾಬಕಾ ಕಡೆಯ ಒಂದು ತಾಂಡಾದ ಪಕ್ಕದ ಊರಿನವಳು, ನನ್ನ ಎದುರು ಕೂತು ಹೀಗೆ ಹೇಳಿದಾಗ ನಾನು ನಕ್ಕೇಬಿಟ್ಟೆ. ಭಾಲ್ಕಿಯಲ್ಲಿ ಹುಟ್ಟಿ ಬೆಳೆದವಳಿಗೆ ಕೊಯ್ತಾ ಎಂದರೆ ಏನೆಂದು ಗೊತ್ತಿಲ್ಲದೆ ಇರುತ್ತದೆಯೇ? ಕಬ್ಬು ಕಡಿಯುವ ಕತ್ತಿ. ಮುಕಾದಮ ಎಂದರೆ ಆಳುಗಳನ್ನು ಕಬ್ಬಿಗೆ ಒಯ್ಯುವ ಮೇಸ್ತ್ರಿ.

‘ಕೊಯ್ತಾ ಮುರ್ದ್ರ ಕಮ್ಮಾರನ ಹತ್ರ ಹೋಗ್ಬೇಕಲ್ರಿ ಅವ್ವಾ, ನನ್ನ ಹತ್ರ ಯಾಕ ಬಂದೀರಿ?’ ಎಂದೆ.

ಅವಳು ನಗಲಿಲ್ಲ. ಪಕ್ಕದಲ್ಲಿ ಸೆರಗು ಹೊದ್ದು ಕೂತಿದ್ದ ಸೊಸೆಯ ಕಡೆ ಗದ್ದ ತೋರಿಸಿದಳು. ‘ಇಕಿನೇ ರೀ ಕೊಯ್ತಾ. ಗಂಡ ಹೆಂಡ್ತಿ ಕೂಡಿ ಒಂದು ಕೊಯ್ತಾ. ಇಕಿ ಕೈ ಮುಚ್ಕೊಂಡು ಕುಂತಾಳ, ನನ್ನ ಮಗ ಅರ್ಧ ಉಳ್ದಾನ. ಅರ್ಧ ಕೊಯ್ತಾ ಯಾರು ಒಯ್ತಾರ್ರಿ?’

ನನಗೆ ಮೈಯೆಲ್ಲ ಉರಿಯಿತು. ಇಬ್ಬರು ಮನುಷ್ಯರನ್ನು ಸೇರಿಸಿ ಒಂದು ಕತ್ತಿ ಅಂತ ಎಣಿಸುವ ಭಾಷೆ ಗಡಿಯಾಚೆಯ ಕಬ್ಬಿನ ಹೊಲಗಳಿಂದ ಬಂದು ನಮ್ಮವರ ನಾಲಿಗೆಯ ಮೇಲೆ ಕೂತುಬಿಟ್ಟಿದೆ. ಅದೂ ಹೇಗೆ? ಅತ್ತೆಯ ಬಾಯಲ್ಲಿ, ಸೊಸೆಯ ಎದುರಿಗೇ, ಎಮ್ಮೆಗೆ ಕೊಂಬು ಇದೆ ಎಂದಷ್ಟು ಸಹಜವಾಗಿ.

ಬರದ ವರ್ಷಗಳವು. ಬೀದರಿನಲ್ಲಿ ನನ್ನ ಬಾಗಿಲಿಗೆ ‘ಸಮಗ್ರ ಮನೋಚಿಕಿತ್ಸೆ’ ಎಂಬ ಬೋರ್ಡು ಹಾಕಿದ್ದೆ. ಸಮಗ್ರ ಎಂದು ಓದಿದವರು ಮೊಣಕಾಲು ನೋವಿಗೂ ಬಂದರು, ಮಗನಿಗೆ ಹೆಣ್ಣು ಸಿಗುತ್ತಿಲ್ಲ ಎಂದೂ ಬಂದರು. ಸೋಮವಾರ ಮೊದಲ ಬಸ್ಸಿಗೆ ಔರಾದಿಗೆ ಹೋಗಿ ಸಮುದಾಯ ಭವನದ ಹಿಂದಿನ ಕೋಣೆಯಲ್ಲಿ ಕೂರುತ್ತಿದ್ದೆ. ನಾನು ಡಾಕ್ಟರ್ ಅಲ್ಲ, ಮಾತ್ರೆ ಕೊಡುವುದಿಲ್ಲ ಎಂದು ಎಷ್ಟು ಸಲ ಹೇಳಿದರೂ ಡಾಕ್ಟರಬಾಯಿ ಎಂಬುದು ಅಂಟಿಕೊಂಡಿತ್ತು. ನನ್ನ ಅವ್ವ ಭಾಲ್ಕಿಯಿಂದ ಫೋನಿನಲ್ಲಿ, ‘ಬರೀ ಮಾತಾಡ್ಲಿಕ್ಕ ಇಷ್ಟು ಸಾಲಿ ಕಲ್ತೇನವಾ?’ ಎಂದು ಚುಡಾಯಿಸುತ್ತಿದ್ದಳು.

ಸೊಸೆಯ ಬಲಗೈ ಮುಷ್ಟಿ ಕಟ್ಟಿತ್ತು. ಕತ್ತಿಯ ಹಿಡಿ ಇನ್ನೂ ಅದರೊಳಗೇ ಇದೆಯೇನೋ ಎಂಬಂತೆ ಬಿಗಿ. ಬೇಸಿಗೆಯಲ್ಲಿ ಕಬ್ಬಿನ ಕೆಲಸ ಮುಗಿಸಿ ಊರಿಗೆ ಬಂದಾಗಿನಿಂದ ಹಾಗೇ. ಎಲುಬಿನ ಡಾಕ್ಟರು ಫೋಟೋ ತೆಗೆಸಿ ಏನೂ ಇಲ್ಲ ಎಂದರು. ಊರಿನವರು ಗಾಳಿ ಹೊಡೆದಿದೆ ಎಂದು ಬೂದಿ ಹಚ್ಚಿಸಿದರು. ಒಬ್ಬ ಮಹಾನುಭಾವ, ಕೆಲಸಗಳ್ಳಿ, ನಾಟಕ ಮಾಡುತ್ತಾಳೆ ಎಂದ. ಅಲ್ಲ ಸ್ವಾಮಿ, ಬಲಗೈ ಇಲ್ಲದೆ ರೊಟ್ಟಿ ಬಡಿಯಲಾರದೆ, ಜಡೆ ಹಾಕಿಕೊಳ್ಳಲಾರದೆ ನಾಟಕ ಮಾಡುವ ಹುಚ್ಚಿ ಯಾವಳಿದ್ದಾಳೆ?

ನಾನು ಕೈಯ ತಂಟೆಗೇ ಹೋಗಲಿಲ್ಲ. ನನ್ನ ಕೆಲಸದ ರೀತಿಯೇ ಅದು. ಮನಸ್ಸು ಒಂದು ಕಡೆ, ಮೈ ಒಂದು ಕಡೆ, ನೆಂಟಸ್ತನ ಇನ್ನೊಂದು ಕಡೆ ಅಂತ ಪಾಲು ಮಾಡಿ ನೋಡಲು ನನಗೆ ಬರುವುದಿಲ್ಲ. ಏನು ಉಂಡೆ, ಯಾರ ಜೊತೆ ಉಂಡೆ, ನಿದ್ದೆ ಬಂತೇ, ಯಾರ ದನಿ ಕೇಳಿದರೆ ಹೊಟ್ಟೆ ಹಿಂಡುತ್ತದೆ ಎಂದು ಕೇಳುತ್ತೇನೆ. ಅವಳು ಎಲ್ಲದಕ್ಕೂ ‘ಹ್ಞೂಂ’, ‘ಇಲ್ರಿ’ ಎರಡರಲ್ಲೇ ಮುಗಿಸುತ್ತಿದ್ದಳು. ನಾವು ಸುಮ್ಮನೆ ಕೂತು ಉಸಿರು ಎಳೆದು ಬಿಡುತ್ತಿದ್ದೆವು. ಅಂಗಳದ ಬೇವಿನ ಕೆಳಗೆ ಬರಿಗಾಲಲ್ಲಿ ನಡೆಯುತ್ತಿದ್ದೆವು. ಅತ್ತೆ ಬಾಗಿಲಲ್ಲಿ ಕೂತು ನೋಡುತ್ತಿದ್ದಳು, ಕೊನೆಗೆ ತಡೆಯಲಾರದೆ, ‘ಉಸಿರಾಡ್ಲಿಕ್ಕ ಔರಾದ್ ತನಕ ಬರ್ಬೇಕೇನ್ರಿ? ಊರಾಗ ಹವಾ ಇಲ್ಲೇನು?’ ಎಂದು ಸಿಡುಕಿದಳು.

ಅಂಥ ಒಂದು ಸೋಮವಾರ ನೆರಳಲ್ಲಿ ನಡೆಯುತ್ತಿದ್ದಾಗ ಸೊಸೆ ತಾನಾಗಿ ಹೇಳಿದಳು. ಕಬ್ಬಿನ ಹೊಲದಲ್ಲಿ ಬಸುರು ಇಳಿದಿತ್ತು. ಸಾಲಿನ ನಡುವೆ ಒಬ್ಬಳೇ. ಹೊಟ್ಟೆಯಲ್ಲಿದ್ದದ್ದು ಹೋಯಿತು. ಮರುದಿನ ಮತ್ತೆ ಕತ್ತಿ ಹಿಡಿದಳು.

ಇದನ್ನು ಯಾರಿಗೂ ಹೇಳಿಲ್ಲವೇ ಎಂದೆ. ಎಲ್ಲರಿಗೂ ಗೊತ್ತಂತೆ! ಗೊತ್ತಿದ್ದು, ‘ಆಗಿದ್ದು ಆಗಿ ಹೋಯ್ತು, ಬಿಡು’ ಎಂದರಂತೆ. ಗಂಡನ ಮೇಲೆ ಸಿಟ್ಟು ಮಾಡಿಕೊಂಡಾಗ ಓಣಿಯ ಹಿರಿಯರು, ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಎಂದು ಗಾದೆ ಹೇಳಿ ಎದ್ದು ಹೋದರಂತೆ. ನನಗೆ ಆ ಗಾದೆ ಹೇಳಿದವರ ಬಾಯಿಗೆ ಮಣ್ಣು ಹಾಕಬೇಕು ಎನ್ನಿಸಿತು. ಉಣ್ಣಲು ಪುರಸತ್ತಿಲ್ಲ, ಮಲಗಲು ಪ್ಲಾಸ್ಟಿಕ್ ಹಾಳೆಯ ಗುಡಿಸಲು, ಅದರಲ್ಲಿ ಯಾವ ಜಗಳ ಮುಗಿಯಬೇಕು?

ಮಗನನ್ನು ಕರೆದುಕೊಂಡು ಬನ್ನಿ, ಇಲ್ಲವಾದರೆ ಮುಂದೆ ನೋಡುವುದಿಲ್ಲ ಎಂದು ಅತ್ತೆಗೆ ಜಬರಿಸಿ ಹೇಳಿದೆ. ದಸರೆ ಹತ್ತಿರವಾಗಿತ್ತು, ಕರೆತಂದಳು. ಕೇಡಿಗನ ಮುಖವೇನೂ ಅಲ್ಲ ಅವನದು. ಕುರಿ ಕಾಯುವ ಮನೆತನದ ಹುಡುಗ. ನೀರಿಲ್ಲದೆ ಕುರಿಗಳು ಕೈಬಿಟ್ಟ ಮೇಲೆ ಕಬ್ಬಿಗೆ ಹೋದವನು. ಚಾಪೆಯ ಅಂಚಿನಲ್ಲಿ ಕೂತ. ಹೆಂಡತಿಯ ಒಪ್ಪಿಗೆ ಮೊದಲೇ ಕೇಳಿದ್ದೆ, ಆ ದಿನ ಏನಾಯಿತು, ನಿನ್ನ ಬಾಯಿಂದ ಹೇಳು ಎಂದೆ.

‘ಇಕಿಗಿ ಹೊಟ್ಟಿ ನೋವು ಬಂತ್ರಿ. ನಾ ಕಬ್ಬು ಕಟ್ಲತ್ತಿದ್ದೆ. ಮುಕಾದಮ ಬಂದು ನೋಡ್ದ. ಇವತ್ತ ನಿಂದು ಅರ್ಧ ಕೊಯ್ತಾ ಆಯ್ತಲ್ಲೋ ಅಂದ.’

ಅಲ್ಲಿಗೆ ನಿಲ್ಲಿಸಿದ. ಆಗ ಸೊಸೆ ತಲೆ ಎತ್ತಿದಳು. ಅಷ್ಟು ಸ್ಪಷ್ಟ ದನಿ ಅವಳದ್ದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

‘ಅದಕ್ಕ ನೀ ಏನಂದಿ?’

ಅವನು ಚಾಪೆಯ ಕಡ್ಡಿ ಕಿತ್ತ.

‘ಏನಂದಿ, ಡಾಕ್ಟರಬಾಯಿ ಮುಂದ ಹೇಳು. ನಾ ಅಲ್ಲೇ ಬಿದ್ದಿದ್ದೆ, ಕೇಳ್ಸಿತ್ತು ನಂಗ.’

‘ಸಂಜೀ ತನಕ ಪೂರಾ ಮಾಡ್ತೀವಿ ಅಂದೆ’ ಎಂದ ಅವನು. ಹೇಳಿ ಅತ್ತ.

ಅತ್ತೆ ಬಾಗಿಲಿನಿಂದ ಎದ್ದು ಬಂದಳು. ಸೊಸೆಗೇ ಬೈಯುತ್ತಾಳೆ ಎಂದುಕೊಂಡು ನಾನು ಅಡ್ಡ ಹೋದೆ. ಅವಳು ಮಗನ ಬೆನ್ನಿಗೆ ಬಾರಿಸಿದಳು. ‘ಭಾಡ್ಯಾ! ಹಿಂದಿನ ಬರದಾಗ ಕಬ್ಬಿಗಿ ಹೋದಾಗ ನಿಮ್ಮಪ್ಪನೂ ಹಿಂಗೇ ಅಂದಿದ್ದ. ಹಿಂಗೇ! ನಾ ಎದ್ದು ಕಬ್ಬು ಕಡಿಲಿಕ್ಕ ಹೋಗಿದ್ದೆ. ನಾ ಹೋದಾಕಿ, ಇಕಿಗ್ಯಾಕ ಆಗಂಗಿಲ್ಲ ಅಂತ ಇಷ್ಟು ದಿನ ಬೈಲತ್ತಿದ್ದೆ.’ ಸೊಸೆಯ ಪಕ್ಕ ಕೂತಳು, ಮುಚ್ಚಿದ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಕೈ ಬಿಚ್ಚಿಕೊಳ್ಳಲಿಲ್ಲ. ಕಥೆಗಳಲ್ಲಿ ಬಿಚ್ಚಿಕೊಳ್ಳುತ್ತದೆ. ಇಲ್ಲಿ ಕಿರುಬೆರಳು ಸಡಿಲಾಗಲಿಕ್ಕೇ ಇನ್ನೂ ಕೆಲವು ವಾರ ಹಿಡಿಯಿತು.

‘ಕಬ್ಬಿಗಿ ನಾ ಬರಂಗಿಲ್ಲ’ ಎಂದಳು ಸೊಸೆ.

ನಾನು ಮುಕಾದಮನಿಗೆ ಫೋನು ಮಾಡಿದೆ. ಅವನೂ ನಮ್ಮ ಕಡೆಯವನೇ. ಗಂಡನನ್ನು ಒಬ್ಬನನ್ನೇ ಒಯ್ಯಿ, ಮನುಷ್ಯನಲ್ಲವೇ ಅವನು ಎಂದು ಕೇಳಿದೆ. ಬಹಳ ಮರ್ಯಾದೆಯಿಂದಲೇ ಉತ್ತರ ಕೊಟ್ಟ, ‘ಬಾಯಿ, ನೀವು ಮನಸ್ಸು ನೋಡ್ರಿ, ನಾ ಕೆಲಸ ನೋಡ್ತೇನಿ. ಅರ್ಧ ಕೊಯ್ತಾ ತಗೊಂಡು ನಾ ಏನ್ ಮಾಡ್ಲಿ?’ ನಾನು ಬಾಯಿಗೆ ಬಂದಂತೆ ಬೈದೆ. ಮನೋಚಿಕಿತ್ಸಕರು ಬೈಯಬಾರದಂತೆ. ಬೈಯದೆ ಇನ್ನೇನು ಆರತಿ ಎತ್ತಬೇಕಿತ್ತೇ?

ಬೀದರಿನಲ್ಲಿ ನನ್ನ ಜೊತೆಯವರೊಬ್ಬರಿಗೆ ಇದೆಲ್ಲ ಹೇಳಿದೆ. ‘ಒಳ್ಳೆ ಪ್ರಗತಿ ಕಣ್ರಿ, ರೋಗಿಗೆ ಬೇಡ ಅನ್ನೋದು ಬಂತು’ ಎಂದು ಚಹಾ ಹೀರಿದರು. ನನಗೂ ಒಳಗೊಳಗೇ ಹಾಗೇ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ.

ದಸರೆ ಕಳೆದ ಸೋಮವಾರ ಸೊಸೆ ಒಬ್ಬಳೇ ಬಂದಳು. ಬಸ್ಸಿನ ಕಂಬಿಯನ್ನು ಎಡಗೈಯಲ್ಲಿ ಹಿಡಿದು, ನಿಂತೇ ಬಂದಿದ್ದಳಂತೆ. ಅತ್ತೆ ಎಲ್ಲಿ ಎಂದೆ.

‘ಹೋದಳ್ರಿ ಕಬ್ಬಿಗಿ. ಮಗನ ಜೋಡಿ. ಮುಕಾದಮ ಮೊದಲ ನಕೋ, ಮುದುಕಿ ಬ್ಯಾಡ ಅಂದ. ಆಕಿ ಗಾಡಿ ಹತ್ತಿ ಕುಂತೇಬಿಟ್ಟಳು. ನೋಡು, ಕೊಯ್ತಾ ಪೂರಾ ಆಯ್ತು, ಹೊಡಿ ಗಾಡಿ ಅಂದಳು.’

ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಇವಳನ್ನು ಬಿಡಿಸಿದೆ ಎಂದುಕೊಂಡಿದ್ದೆ. ಯಾರನ್ನು ಬಿಡಿಸಿದೆ? ಎದ್ದು ಕಿಟಕಿಯ ಹತ್ತಿರ ನಿಂತೆ, ಆ ಮುಕಾದಮನಿಗೆ, ಅವನ ಬೆನ್ನಿಗಿರುವ ಸಕ್ಕರೆ ಕಾರ್ಖಾನೆಗೆ, ಬಾರದ ಮಳೆಗೆ, ನನ್ನ ಬೋರ್ಡಿಗೂ ಸೇರಿಸಿ ಶಾಪ ಹಾಕಿದೆ. ನನ್ನ ಸಿಟ್ಟು ಇಳಿದ ಮೇಲೆ ಸೊಸೆ ಕೇಳಿದಳು:

‘ಬಾಯಿ, ಯುಗಾದಿಗಿ ಆಕಿ ಬರ್ತಾಳ್ರಿ. ಆವಾಗ ಆಕೀನ ಕರ್ಕೊಂಡು ಬರ್ತೇನಿ. ಆಕಿದೂ ಕಬ್ಬಿನಾಗ ಹೋಗಿತ್ತಲ್ರಿ, ಆ ಕೂಸಿನ ಮಾತು ಇಲ್ಲಿ ತನಕ ಯಾರೂ ಕೇಳಿಲ್ರಿ. ಕೇಳ್ತೀರಿಲ್ಲ?’