ಗದ್ದುಗೆಗೆ ಹಾಸಿದ ಗಿರಣಿ ಕಂಬಳಿ

1981ರ ಡಿಸೆಂಬರಿನಲ್ಲಿ ನಾನು ಪಾಣಿಪತ್ತಿನ ಕಂಬಳಿ ಗಿರಣಿಯೊಂದರಲ್ಲಿ ಕೆಲಸಕ್ಕೆ ಸೇರಿದೆ. ಮೊದಲ ದಿನವೇ ಅಂಗಳದಲ್ಲಿ ಕಬ್ಬಿಣದ ಪಟ್ಟಿ ಬಿಗಿದ ಮೂಟೆಯೊಂದನ್ನು ನನ್ನ ಮುಂದೆ ಬಿಚ್ಚಿದರು. ಉಣ್ಣೆ ಇರುತ್ತದೆಂದು ಕೈ ಚಾಚಿದೆ. ಇದ್ದದ್ದು ಕೋಟುಗಳು. ಗಂಡಸರವು, ಹೆಂಗಸರವು, ನಾಲ್ಕು ವರ್ಷದ ಮಗುವಿಗೆ ಆಗುವಂಥವು. ಒಂದರ ತೋಳು ಮೊಣಕೈಯಲ್ಲಿ ಬಾಗಿದ ಹಾಗೇ ನಿಂತಿತ್ತು. ಅದರ ಜೇಬಿನಲ್ಲಿ ಮೂಗು ಒರೆಸಿದ ಕಾಗದವಿತ್ತು.

ಪರದೇಶದವರು ತೊಟ್ಟು ಬಿಟ್ಟ ಬಟ್ಟೆ ಹಡಗಿನಲ್ಲಿ ಬರುತ್ತದೆ. ಹೆಂಗಸರು ಸಾಲಾಗಿ ಕೂತು, ನಮ್ಮ ಈಳಿಗೆಮಣೆಯಂಥದೇ ಅಲಗಿಗೆ ಅದನ್ನು ಒತ್ತಿ, ಗುಂಡಿ, ಜಿಪ್ಪು, ಒಳಬಟ್ಟೆ ಬೇರೆ ಮಾಡುತ್ತಾರೆ. ಉಳಿದದ್ದನ್ನು ಬಣ್ಣಕ್ಕೆ ತಕ್ಕಂತೆ ವಿಂಗಡಿಸಬೇಕು. ಇಲ್ಲಿಯವರು ಇದಕ್ಕೆ ಛಾಂಟಾಯಿ ಎನ್ನುತ್ತಾರೆ. ಆಮೇಲೆ ಯಂತ್ರ ಅದನ್ನು ಹರಿದು ನಾರು ಮಾಡುತ್ತದೆ. ನಾರು ನೂಲಾಗಿ, ನೂಲು ಕಂಬಳಿಯಾಗುತ್ತದೆ. ಮೂಟೆ ಬಂದ ವಾರದೊಳಗೆ ಕಂಬಳಿ ಲಾರಿ ಹತ್ತುತ್ತದೆ.

ನಾನು ಮಧುಗಿರಿ ತಾಲ್ಲೂಕು ಐ.ಡಿ.ಹಳ್ಳಿ ಕಡೆಯವನು. ನಮ್ಮದು ಕುರಿ ಸಾಕುವ, ಕಂಬಳಿ ನೇಯುವ ಮನೆ. ಶಿರಾ ಸಂತೆಗೆ ಉಣ್ಣೆ ಕೊಳ್ಳಲು ಬರುತ್ತಿದ್ದ ಉತ್ತರದ ವ್ಯಾಪಾರಿಯೊಬ್ಬ, ನಾನು ಕಣ್ಣು ಮುಚ್ಚಿಕೊಂಡು ಮುಟ್ಟಿಯೇ ಮರಿಯ ಉಣ್ಣೆ ಯಾವುದು, ಮುದಿ ಕುರಿಯದು ಯಾವುದು ಎಂದು ಹೇಳುವುದನ್ನು ನೋಡಿ ಕರೆದ. ಅಣ್ಣ ಕರಿಯಣ್ಣ ಬೇಡವೆಂದ. ಹೊಲ ನಾಲ್ಕು ವರ್ಷದಿಂದ ಏನೂ ಕೊಟ್ಟಿರಲಿಲ್ಲ, ಮಗ್ಗಕ್ಕೆ ಇಬ್ಬರ ಕೆಲಸವಿರಲಿಲ್ಲ. ಹೋದೆ.

ಬಾಯ್ಲರಿನ ಹಿಂದಿನ ಕೋಣೆಯಲ್ಲಿ ಐದು ಜನ ಇದ್ದೆವು. ಉಳಿದ ನಾಲ್ವರೂ ಬಿಹಾರದವರು. ನನಗೆ ಹೆಸರಿರಲಿಲ್ಲ, ಮದ್ರಾಸಿ ಎಂದು ಕೂಗುತ್ತಿದ್ದರು. ತುಮಕೂರು ಜಿಲ್ಲೆಗೂ ಮದರಾಸಿಗೂ ಇರುವ ದೂರವನ್ನು ಮೂರು ತಿಂಗಳು ವಿವರಿಸಿ ಬಿಟ್ಟುಬಿಟ್ಟೆ. ರಾಗಿ ಎಂದರೆ ಅಂಗಡಿಯವನು ಹಕ್ಕಿಗೆ ಹಾಕುವ ಕಾಳು ತೋರಿಸಿದ. ರೊಟ್ಟಿ ತಿಂದು ಹೊಟ್ಟೆ ತುಂಬುವುದನ್ನು ಕಲಿಯಲು ಒಂದು ಚಳಿಗಾಲ ಬೇಕಾಯಿತು. ನಮ್ಮೂರಲ್ಲಿ ಬಾಗಿಲಿಗೆ ಬಂದವನಿಗೆ ಮೊದಲು ನೀರು ಕೊಡುತ್ತಾರೆ. ಇಲ್ಲಿ ಮೊದಲು ಕೇಳುವುದು, ಯಾವ ಗಿರಣಿ ಎಂದು.

ಆದರೂ ಕೆಲಸ ಕೈಗೆ ಹತ್ತಿತು. ಎಳೆಯೊಂದನ್ನು ಬೆಂಕಿಗೆ ಹಿಡಿದರೆ ಉಣ್ಣೆ ಕೂದಲು ಸುಟ್ಟ ಹಾಗೆ ನಾರುತ್ತದೆ, ಉಜ್ಜಿದರೆ ಬೂದಿಯಾಗುತ್ತದೆ. ನೈಲಾನು ಕರಗಿ ಗಟ್ಟಿ ಮಣಿಯಾಗುತ್ತದೆ. ನಾನು ಸುಡದೆಯೇ ಹೇಳುತ್ತಿದ್ದೆ. ಆರು ತಿಂಗಳಿಗೆ ಛಾಂಟಾಯಿಯ ಮೇಸ್ತ್ರಿಯಾದೆ. ಅಲಗಿನ ಮುಂದೆ ಕೂರುವ ಮುದುಕಿಯೊಬ್ಬಳು, ಎಲ್ಲರೂ ಬೀಜಿ, ಅಂದರೆ ಅಮ್ಮ, ಎನ್ನುತ್ತಿದ್ದವಳು, ಅಂದಿನಿಂದ ನನ್ನನ್ನು ಹೆಸರು ಹಿಡಿದು ಕರೆದಳು. ಅಷ್ಟು ದೊಡ್ಡ ಊರಲ್ಲಿ ನನ್ನ ಹೆಸರು ಬಲ್ಲವಳು ಅವಳೊಬ್ಬಳೇ.

1984ರ ಬೇಸಿಗೆಯಲ್ಲಿ ರಜೆಯ ಮೇಲೆ ಊರಿಗೆ ಬಂದೆ. ಪಾವಗಡದ ಬಸ್ ನಿಲ್ದಾಣದಲ್ಲಿ ಕೂಲಿ ಹೆಂಗಸೊಬ್ಬಳು ಕೂಸಿಗೆ ಸುತ್ತಿದ್ದ ಹೊದಿಕೆಯ ಅಂಚು ಕಂಡೇ ಅದು ನಮ್ಮ ಗಿರಣಿಯದೆಂದು ತಿಳಿಯಿತು. ಹೇಗಿದೆ ಎಂದು ಕೇಳಿದೆ. "ಗುಚ್ಚುಕೋದು ಸಾಮಿ" ಎಂದಳು. ತೆಲುಗಿನಲ್ಲಿ, ಚುಚ್ಚುವುದಿಲ್ಲ ಎಂದು ಅರ್ಥ. ಅಣ್ಣನ ಕಂಬಳಿ ಕೊಳ್ಳುವ ಶಕ್ತಿ ಅವಳಿಗೆ ಎಂದೂ ಇರಲಿಲ್ಲ. ಇದನ್ನು ಬಿಟ್ಟು ಬರೆದರೆ ಬರೆದದ್ದು ಪೂರ್ತಿಯಾಗುವುದಿಲ್ಲ.

ಮನೆಯಲ್ಲಿ ಅಣ್ಣ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದ. ಹಾಸುನೂಲಿಗೆ ಹಚ್ಚಿದ ಹುಣಸೆಬೀಜದ ಗಂಜಿಯ ವಾಸನೆ ಹಾಗೇ ಇತ್ತು. ತಲೆ ಎತ್ತದೆ ಕೇಳಿದ.

"ಬಂದ್ಯೇನ್ಲಾ? ಬಿಳೀ ಜನದ ಚಡ್ಡಿ ಬಿಚ್ಚಿ ಮುಗೀತಾ?"

ಅತ್ತಿಗೆ ಲಕ್ಕಮ್ಮ ನೀರು ತಂದಳು. "ಬಂದೋನ್ನ ಒಳಿಕ್ಕೆ ಕರೀದೆ ಇದೇನ್ ಮಾತು? ನೀನ್ ಕುಡಿಯಪ್ಪ."

ಕೊರಟಗೆರೆ ಕಡೆಯ ರೈತರು ಹೊಲದ ಕಾವಲಿಗೆ ಕೊಳ್ಳುತ್ತಿದ್ದ ಕಂಬಳಿ ನಿಂತುಹೋಗಿತ್ತು. ಮಧುಗಿರಿಯ ಜವಳಿ ಅಂಗಡಿಗಳೂ ಗಿರಣಿಯದನ್ನೇ ಇಟ್ಟಿದ್ದವು. ಅಣ್ಣನಿಗೆ ಉಳಿದಿದ್ದದ್ದು ಗದ್ದುಗೆಯ ಕಂಬಳಿ ಒಂದೇ. ನಮ್ಮಲ್ಲಿ ಮದುವೆಗೆ ಮೊದಲು ಕರಿ ಕಂಬಳಿ ಹಾಸಿ, ಅದರ ಮೇಲೆ ಕಳಶವಿಟ್ಟು ದೇವರನ್ನು ಕರೆಯಬೇಕು. ಪ್ರತಿ ಮದುವೆಗೂ ಹೊಸದು. ಕತ್ತರಿ, ಸೂಜಿ ತಾಗಿರಬಾರದು. ಸುತ್ತಲ ಹಳ್ಳಿಗಳ ಮದುವೆಗಳಿರುವ ತನಕ ಮಗ್ಗವಿರುತ್ತದೆ ಎಂದು ಅವನು ನಂಬಿದ್ದ.

ಆ ವಾರವೇ ಊರಿನ ಈರಣ್ಣನ ಮಗಳ ಮದುವೆ. ಗಂಡಿನ ಕಡೆಯವರು ಕಳಶಕ್ಕೆ ಬಿಚ್ಚಿ ಹಾಸಿದ್ದು ಗಿರಣಿ ಕಂಬಳಿ. ಕಪ್ಪಗೆ ಬಣ್ಣ ಹಾಕಿದ್ದು, ಮೆತ್ತಗೆ, ಮಿಂಚು ಮಿಂಚಾಗಿ. ನಾಲ್ಕು ಹೆಂಗಸರು ಬಗ್ಗಿ ಸವರಿ ನೋಡಿದರು.

ಅಣ್ಣ ಎದ್ದು ನಿಂತ. "ಇದ್ರ ಮ್ಯಾಲೆ ದ್ಯಾವ್ರು ಕುಂದ್ರಲ್ಲ."

"ಯಾಕ್ ಕುಂದ್ರಲ್ಲ? ಅಂಗಡಿಯೋರು ಉಣ್ಣೆ ಅಂತ ಆಣೆ ಮಾಡಿ ಕೊಟ್ಟವ್ರೆ" ಎಂದ ಗಂಡಿನ ಸೋದರಮಾವ. "ನಿನ್ ಕಂಬ್ಳಿ ಓಡ್ಲಿಲ್ಲಾಂತ ದ್ಯಾವ್ರನ್ನ ಯಾಕ್ ತಡೀತೀಯಾ?"

ಚಪ್ಪರದಲ್ಲಿ ನಗು ಎದ್ದಿತು. ಕುಲದ ಯಜಮಾನ ಸಿದ್ದಪ್ಪ ನಗಲಿಲ್ಲ. ಇಂದು ಇದನ್ನು ಒಪ್ಪಿದರೆ ನಾಳೆಯಿಂದ ಎಲ್ಲ ಮದುವೆಗೂ ಇದೇ ಬರುತ್ತದೆ ಎಂದು ಅವನಿಗೂ ಗೊತ್ತಿತ್ತು, ಅಣ್ಣನಿಗೂ ಗೊತ್ತಿತ್ತು. ಅಣ್ಣ ಮನೆಗೆ ಹೋಗಿ, ಆ ವಾರ ಮಗ್ಗದಿಂದ ಇಳಿಸಿದ್ದ ಕಂಬಳಿ ತಂದು ನನ್ನ ಕಾಲ ಬಳಿ ಹಾಸಿದ.

"ಇವ್ನು ಅದೇ ಗಿರಣಿಯೋನು. ಇದ್ರ ಮ್ಯಾಲೆ ಕುಂದ್ರಿಸಿ ಕೇಳಿ."

ಕಂಬಳಿಯ ಮೇಲೆ ಕೂತವನು ಸುಳ್ಳು ಹೇಳುವಂತಿಲ್ಲ. ಕೂತೆ.

"ಇದು ಕುರಿ ಉಣ್ಣೇನೇನಪ್ಪ?" ಸಿದ್ದಪ್ಪ ಗಿರಣಿ ಕಂಬಳಿ ತೋರಿಸಿ ಕೇಳಿದ.

ಅದರ ಅಂಚಿನಿಂದ ನಾಲ್ಕು ಎಳೆ ಎಳೆದು ದೀಪಕ್ಕೆ ಹಿಡಿದೆ. ಎರಡು ಬೂದಿಯಾದವು. ಎರಡು ಮಣಿಯಾದವು. ಮಣಿಗಳನ್ನು ಅವನ ಅಂಗೈಗೆ ಹಾಕಿದೆ.

"ಅರ್ಧ ಉಣ್ಣೆ, ಅರ್ಧ ನೈಲಾನು. ಉಣ್ಣೇನೂ ಕುರಿ ಮೈಯಿಂದ ನೇರವಾಗಿ ಬಂದಿದ್ದಲ್ಲ. ಪರದೇಶದೋರು ತೊಟ್ಟು ಬಿಟ್ಟ ಕೋಟು ಹರಿದು ನೂತಿದ್ದು."

"ತೊಟ್ಟು ಬಿಟ್ಟಿದ್ದಾ?"

"ಹೂಂ."

"ಯಾರ್ ತೊಟ್ಟಿದ್ದು? ಬದುಕಿದ್ದೋರೋ, ಸತ್ತೋರೋ?"

"ಗೊತ್ತಿಲ್ಲ."

ಹೆಂಗಸರು ಸವರಿದ ಕೈಯನ್ನು ಸೀರೆಗೆ ಒರೆಸಿಕೊಂಡರು. ಸೋದರಮಾವ ಕಂಬಳಿ ಸುತ್ತಿ ಎತ್ತಿನಗಾಡಿಗೆ ಎಸೆದ. ನಾನು ಎದ್ದೆ. ಅಣ್ಣನ ಕಂಬಳಿಯ ಮೇಲೆ ಕಳಶ ಬಂತು. ಅಂದು ಊಟದ ಸಾಲಿನಲ್ಲಿ ಅಣ್ಣ ನನ್ನ ಪಕ್ಕದಲ್ಲಿ ಕೂತು, ತನ್ನ ಎಲೆಯ ಸಿಹಿಯನ್ನು ನನ್ನ ಎಲೆಗೆ ಹಾಕಿದ.

ಕೈ ತೊಳೆದ ಮೇಲೆ ಸಿದ್ದಪ್ಪ ಎಲ್ಲರನ್ನೂ ಕರೆದು ಕೂರಿಸಿದ. "ಇನ್ ಮ್ಯಾಲೆ ಅಂಗಡೀಲಿ ಮೋಸ ಹೋಗೋದು ಬ್ಯಾಡ. ಕರಿಯಣ್ಣನ ಈ ಕಂಬ್ಳಿ ದ್ಯಾವ್ರ ಪೆಟ್ಗೇಲಿ ಇರ್ಲಿ. ಯಾರ್ ಮದ್ವೇಗಾದ್ರೂ ಇದ್ನೇ ತಂದು ಹಾಸಾನ. ಹೊಸದು ತರೋ ರಗಳೆ ಬ್ಯಾಡ. ಏನಂತೀರಾ?"

ಎಲ್ಲರೂ ಹೂಂ ಎಂದರು. ಈರಣ್ಣ ಅಣ್ಣನ ಹೆಗಲು ತಟ್ಟಿ, "ನಿನ್ ಕಂಬ್ಳೀನೇ ಗೆಲ್ತು ಕಣಣ್ಣ" ಎಂದ.

ಮನೆಯ ಹಾದಿಯಲ್ಲಿ ಅಣ್ಣ ಕೇಳಿದ: "ಒಂದ್ ಕಂಬ್ಳಿ ಎಷ್ಟ್ ವರ್ಸ ಬಾಳ್ತೈತೆ ಗೊತ್ತೇನ್ಲಾ ನಿಂಗೆ?"

ಗೊತ್ತಿತ್ತು. ಅಜ್ಜ ನೇಯ್ದದ್ದನ್ನು ನಾವಿಬ್ಬರೂ ಹೊದ್ದು ಬೆಳೆದವರು.

"ನಾನೇನ್ ಸುಳ್ಳು ಹೇಳ್ಬೇಕಿತ್ತಾ?" ಎಂದೆ.

"ಹೇಳಿದ್ರೆ ಮಗ್ಗ ಇವತ್ತೇ ಹೋಗೋದು. ಹೋಗ್ಲಿ ಬುಡು."

ಪಾಣಿಪತ್ತಿಗೆ ಹಿಂದಿರುಗಿದೆ. ರಜೆ ಹೇಗಿತ್ತೆಂದು ಬೀಜಿ ಕೇಳಿದಳು; ಮದುವೆ ನಡೆಯಿತು ಎಂದೆ. ಊರಿನಲ್ಲಿ ನನ್ನನ್ನು ಈಗ ಪಾಣಿಪತ್ತಿನವನು ಎನ್ನುತ್ತಾರೆ, ಇಲ್ಲಿ ಇನ್ನೂ ಮದ್ರಾಸಿ. ನಮ್ಮ ಗಿರಣಿಯ ಕಪ್ಪು ಕಂಬಳಿ ಮಧುಗಿರಿ, ಶಿರಾ, ಪಾವಗಡಕ್ಕೆ ಮೊದಲಿನಂತೆಯೇ ಹೋಗುತ್ತದೆ. ಅದಕ್ಕೆ ಬೇಕಾದ ಕೋಟುಗಳನ್ನು ಆರಿಸುವವನು ನಾನೇ.

ಮೂರು ವರ್ಷ ಅಣ್ಣ ಕಾಗದ ಬರೆಸಲಿಲ್ಲ. 1987ರ ನವೆಂಬರಿನಲ್ಲಿ ಅತ್ತಿಗೆ ಪಕ್ಕದ ಮನೆಯ ಹುಡುಗಿಯ ಕೈಲಿ ಒಂದು ಕಾರ್ಡು ಬರೆಸಿದ್ದಾಳೆ. ಮಗ್ಗದ ಗುಂಡಿಗೆ ಮಣ್ಣು ತುಂಬಿ ಸಾರಿಸಿದ್ದಾರೆ. ಅಣ್ಣನಿಗೆ ಚಳಿ ತಡೆಯುತ್ತಿಲ್ಲ. ಬರುವಾಗ ಗಿರಣಿಯ ಕಂಬಳಿ ಎರಡು ತರಬೇಕು, ಕಪ್ಪು ಬಣ್ಣದ್ದು ಬೇಡ.