ಶೇಖವ್ವನ ಗ್ವಾಡಿ, ಫಕೀರವ್ವನ ಸುಕ್ಕಾ

ಗಜೇಂದ್ರಗಡದ ಪ್ಯಾಟಿ ಓಣಿಯ ಹಿಂದಿನ ಸಾಲಿನಲ್ಲಿ ಶೇಖವ್ವ ಎಂಬ ಪುಣ್ಯವಂತಿ ಇದ್ದಾಳೆ. ಹುಟ್ಟಿದ್ದು ನರಗುಂದದ ಕಾಳಿನ ವ್ಯಾಪಾರಸ್ಥರ ಮನಿಯಲ್ಲಿ, ಸೇರಿದ್ದು ಇಲ್ಲಿಯ ಕಾಳಿನ ವ್ಯಾಪಾರಸ್ಥರ ಮನಿಗೆ. ಕೊರಳಲ್ಲಿ ಲಿಂಗ, ಹಣಿಯ ಮೇಲೆ ವಿಭೂತಿ, ಬಾಯಿಯೊಳಗೆ ಪುರುಸೊತ್ತಿಲ್ಲದ ನಾಲಗಿ. ಜನ್ಮದಲ್ಲಿ ಖಂಡ ಮುಟ್ಟಿದಾಕೆ ಅಲ್ಲ, ತತ್ತಿ ಮುಟ್ಟಿದಾಕೆ ಅಲ್ಲ. ತತ್ತಿ ಮಾರುವ ಅಂಗಡಿಯಲ್ಲಿ ಬೆಲ್ಲ ಕೊಂಡರೆ ಆ ಬೆಲ್ಲವನ್ನೂ ಒಮ್ಮೆ ತೊಳೆಯಬೇಕೇನೋ ಎಂದು ವಿಚಾರ ಮಾಡುವ ಹೆಂಗಸು. ಹಾಗಿದ್ದರೂ ಎಳೆ ಕುರಿಮರಿಯ ಖಂಡವನ್ನು ಹುರಿದು ಒಣಾ ಸುಕ್ಕಾ ಹೇಗೆ ಮಾಡಬೇಕು ಎಂಬುದು ಈಕೆಗೆ ಗೊತ್ತಿದ್ದಷ್ಟು ಓಣಿಯಲ್ಲಿ ತಿನ್ನುವವರಿಗೂ ಗೊತ್ತಿರಲಿಲ್ಲ. ಈಕೆಯನ್ನು ಹೋಗಿ ಕೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ಈ ವಿದ್ಯೆ ಆಕೆಗೆ ಒಲಿದದ್ದು ಹಿತ್ತಲ ಗ್ವಾಡಿಯ ಮೇಲಿಂದ. ಗ್ವಾಡಿಯ ಆ ಕಡೆ ಫಕೀರವ್ವನ ಮನಿ. ಫಕೀರವ್ವನ ಗಂಡ ಮೈಲಾರಿಗೆ ಲಕ್ಕಲಕಟ್ಟಿಯಲ್ಲಿ ಹೊಲ, ಹೊಲದಲ್ಲಿ ಒಂದಿಷ್ಟು ಕುರಿ. ಅವರು ಈ ಮನಿ ಹಿಡಿದು ಬಂದ ಮೊದಲ ಐತವಾರವೇ ಹಿತ್ತಲಲ್ಲಿ ಒಲಿ ಹೂಡಿದರು. ಒಳಗಿನ ಒಲಿ ದೇವರ ಒಲಿ, ಅದರ ಮೇಲೆ ಖಂಡ ಬೇಯಿಸುವ ಪದ್ಧತಿ ಅವರಲ್ಲೂ ಇಲ್ಲ. ಆಗಿನ್ನೂ ಶೇಖವ್ವನ ಗಂಡ ತೀರಿಕೊಂಡು ವರ್ಷ ತುಂಬಿರಲಿಲ್ಲ, ಮನಿಯಲ್ಲಿ ಯಾರೂ ಆಕೆಯೊಂದಿಗೆ ಎತ್ತರದ ದನಿಯಲ್ಲಿ ಮಾತಾಡುತ್ತಿರಲಿಲ್ಲ. ವಾಸನಿ ಬಂದದ್ದೇ ತಡ, ಸೆರಗಿನಿಂದ ಮೂಗು ಮುಚ್ಚಿಕೊಂಡು ಬೈಯಲಿಕ್ಕೆಂದು ಹಿತ್ತಲಿಗೆ ಹೋದಳು. ಹೋದಾಕೆ ಬೈದು ಮುಗಿಸಲೇ ಇಲ್ಲ. ವರ್ಷಗಟ್ಟಲೆ ಪ್ರತಿ ಐತವಾರ ಕುರ್ಚಿ ಹಾಕಿಕೊಂಡು ಕೂತು ಬೈದಳು.

"ಫಕೀರವ್ವಾ, ಸುರು ಮಾಡಿದೇನ ನಿನ್ನ ಹೋಮಾ?"

"ಹೂನ್ರಿ ಯಕ್ಕಾರ. ನೀವು ಒಳಗ ಹೋಗ್ರಿ, ವಾಸನಿ ಬರ್ತೈತಿ."

"ಒಳಗ ಹೋದ್ರ ಬಿಡ್ತೈತೇನ ಅದು? ಬಾಗಲಾ ಬಡಕೊಂತ ಬರ್ತೈತಿ. ಇಲ್ಲೇ ಕುಂತು ಸಹಿಸ್ಕೋತೀನಿ, ನನ್ನ ಹಣೇಬರಾ. ಅದೇನ ಹುರಿಯಾಕತ್ತಿ?"

"ಒಣಾ ಕೊಬ್ಬರಿ, ಗಸಗಸಿ."

"ಶಿವಾ ಶಿವಾ! ಎಷ್ಟು ಹಾಕ್ದಿ?"

ಹೀಗೆ ಶಿವಾ ಶಿವಾ ಅನ್ನುತ್ತಲೇ ಶೇಖವ್ವ ಪೂರ್ತಿ ಅಡಗಿ ಕೇಳಿ ತಿಳಿದುಕೊಂಡಳು. ತನಗೆ ಯಾವ ಯಾವ ಪದಾರ್ಥದಿಂದ ತ್ರಾಸಾಗುತ್ತಿದೆ ಎಂಬುದಾದರೂ ಗೊತ್ತಿರಬೇಕಲ್ಲ! ಖಂಡಕ್ಕೆ ಅರಿಷಿಣ, ಉಪ್ಪು, ಶುಂಠಿ, ಬೆಳ್ಳೊಳ್ಳಿ ಹಚ್ಚಿ ಮುಚ್ಚಿಡಬೇಕು. ಅದು ತನ್ನ ನೀರಿನಲ್ಲೇ ಬೇಯಬೇಕು, ಮ್ಯಾಲ ನೀರು ಹಾಕಿದರೆ ಸಾರಾಗುತ್ತದೆ. ನೀರು ಇಂಗಿ ಚರಬಿ ಬಿಟ್ಟು ಚುರುಚುರು ಅನ್ನುವ ಹೊತ್ತಿಗೆ ಕೆಂಪಗೆ ಹುರಿದ ಉಳ್ಳಾಗಡ್ಡಿ. ಆಮೇಲೆ ಒಲಿಯೊಳಗಿನ ಕಟ್ಟಿಗಿ ಎಲ್ಲಾ ಹೊರಗೆ ಜಗ್ಗಿ, ಬರೇ ಕೆಂಡದ ಮೇಲೆ ಪಾತೇಲಿ ಇಟ್ಟು ಮಸಾಲಿ ಖಾರ ಹಾಕಬೇಕು. ಉರಿ ಇದ್ದಾಗ ಖಾರ ಹಾಕಿದರೆ ಅದು ಹೊತ್ತುತ್ತದೆ, ತಿನ್ನುವವರಿಗೆ ಬಾಯಿ ಕಹಿ, ತಿನ್ನದ ಓಣಿಗೆ ಕೆಮ್ಮು.

ಸುಕ್ಕಾ ಸರಿಯಾಗಿ ಹದಕ್ಕೆ ಬಂದ ಗಳಿಗಿಗೆ ಶೇಖವ್ವ ಹಣಿ ಹಿಡಿದುಕೊಂಡು ಏಳುವಳು. "ಆತು, ಇಳಸಿನ್ನ, ನನ್ನ ತಲಿ ತಿರಗಾಕತ್ತೈತಿ." ಫಕೀರವ್ವ ಸುಮ್ಮನೆ ಇಳಿಸುವಳು. ಗಂಡನ ಮುಂದೆ ಒಮ್ಮೆ ಹೇಳಿದ್ದಳಂತೆ: "ಯಕ್ಕಾರ ತಲಿ ತಿರಗಿತಂದ್ರ ಸುಕ್ಕಾ ಆತಂತ ತಿಳಕೋಬೇಕು. ರುಚಿ ನೋಡೂ ಕೆಲಸಾ ಇಲ್ಲ."

ಎದೆಮಟ್ಟದ ಆ ಗ್ವಾಡಿಯ ಮೇಲೆ ಖಂಡದ ಮಾತಷ್ಟೇ ನಡೆಯುತ್ತಿತ್ತು ಅಂತಲ್ಲ. ಮೊಣಕಾಲ ನೋವು, ಸೊಸೆಯಂದಿರ ಸಿಟ್ಟು, ಸತ್ತ ಗಂಡನ ಗೊರಕಿ, ಎಲ್ಲವೂ ಅಲ್ಲೇ ಹೊರಗೆ ಬರುತ್ತಿದ್ದವು. ಮುಂಬಾಗಿಲಿನಿಂದ ಹೋಗಿ ಬರುವ ಹಾದಿ ಇಬ್ಬರಿಗೂ ಇರಲಿಲ್ಲ. ಖಂಡ ಬೇಯಿಸುವ ಮನಿಯಲ್ಲಿ ಶೇಖವ್ವ ಹೇಗೆ ಕೂತಾಳು? ಈ ಮನಿಯ ಹೊಸ್ತಿಲಲ್ಲಿ ನಿಂತು ಮಾತಾಡುವ ಗರಜು ಫಕೀರವ್ವನಿಗಾದರೂ ಏನಿದೆ? ಗ್ವಾಡಿಗೆ ಮೈಲಿಗೆ ಇರಲಿಲ್ಲ, ಅಷ್ಟೇ.

ಇತ್ತ ಮನಿಯೊಳಗೆ ಬಂದರೆ ಶೇಖವ್ವನ ಮಾತೇ ಬೇರೆ. ಮಗ ಗುರುಸಂಗಪ್ಪ ಅಂಗಡಿಯಿಂದ ಬಂದು ತಾಟಿನ ಮುಂದೆ ಕೂತರೆ ಸಾಕು, "ಆ ವಾಸನಿ ಕುಡದು ಕುಡದು ಒಂದಿನಾ ಸಾಯ್ತೀನಿ ನೋಡು" ಎಂದು ಸುರು. ಸೊಸೆ ಶಾಂಭವಿಯ ಮುಂದೆ ಅದೇ, ಮಠದ ಅಜ್ಜಾರ ಮುಂದೆ ಅದೇ. ತಾಯಿಯ ಮಾತನ್ನು ಒಂದು ಕಿವಿಯಿಂದ ಕೇಳಿ ಇನ್ನೊಂದರಿಂದ ಬಿಡುವ ಗಂಡುಮಕ್ಕಳು ಊರ ತುಂಬ ಇದ್ದಾರೆ, ಅವರ ತಾಯಂದಿರು ಸುಖವಾಗಿದ್ದಾರೆ. ಶೇಖವ್ವನ ಹಣೆಬರಹಕ್ಕೆ ಬಿದ್ದ ಮಗ ಮಾತ್ರ ಎರಡೂ ಕಿವಿಯಿಂದ ಕೇಳುವವ, ಕೇಳಿದ್ದನ್ನು ನಂಬುವವ.

ಒಂದು ದಿನ ಟ್ರ್ಯಾಕ್ಟರ್ ಬಂದು ಹಿತ್ತಲಲ್ಲಿ ಇಟ್ಟಂಗಿ ಸುರುವಿತು.

"ಯವ್ವಾ, ನಿನ್ನ ತ್ರಾಸ ಇಲ್ಲಿಗೆ ಮುಗೀತು. ಗ್ವಾಡಿ ಏರಸ್ತೀನಿ. ನಮ್ಮ ತಲಿ ಮ್ಯಾಲ ಒಂದ ಗೇಣ ಹೋಗಬೇಕು, ಅಷ್ಟೆತ್ತರ."

ಶೇಖವ್ವ ಚಹಾದ ಕಪ್ಪು ಕೆಳಗಿಟ್ಟಳು. "ಯಾಕೋ ತಮ್ಮಾ? ಗಾಳಿ ಬರೂದಿಲ್ಲ."

"ಕೆಟ್ಟ ಗಾಳಿ ಬರಬಾರದಂತನ ಯವ್ವಾ."

"ಮಂದಿ ಏನ ಅಂದಾರು?"

"ಮಗಾ ಅವ್ವನ್ನ ಭಾಳ ಚಲೋ ನೋಡ್ಕೋತಾನ ಅಂತಾರ. ಅಂಗಡ್ಯಾಗ ಆಗಲೇ ಅನ್ನಾಕತ್ತಾರ. ನಾ ಎಲ್ಲಾರಿಗೂ ಹೇಳೀನಿ."

ಬ್ಯಾಡ ಅನ್ನಲು ಒಂದೇ ದಾರಿ ಉಳಿದಿತ್ತು, ಖರೇ ಹೇಳುವುದು. ಇಷ್ಟು ವರ್ಷ ಅಭ್ಯಾಸವಿಲ್ಲದ ಕೆಲಸ, ಬಾಯಿಗೆ ಬರಲಿಲ್ಲ.

ಸಂಜಿಗೆ ಫಕೀರವ್ವ ಗ್ವಾಡಿಯ ಮೇಲಿಂದ ಇಣುಕಿದಳು. "ಇದೇನ್ರಿ ಯಕ್ಕಾರ, ಇಷ್ಟ ಇಟ್ಟಂಗಿ?"

"ನಮ್ಮ ಗುರುಸಂಗಂದು. ಗ್ವಾಡಿ ಏರಸ್ತಾನಂತ."

"ಯಾಕ್ರಿ?"

"ಅದ... ವಾಸನಿ ಬರ್ತೈತಂತ."

"ಅಂವಗ ಬರ್ತೈತೇನ್ರಿ, ನಿಮಗ ಬರ್ತೈತೇನ್ರಿ?"

"ನಾ ವಾರಾ ವಾರಾ ಹೇಳೀನಲ್ಲ ನಿನಗ!"

ಫಕೀರವ್ವ ಗ್ವಾಡಿಯ ಮೇಲಿಂದ ಕೈ ತೆಗೆದಳು. "ನೀವು ನಗಾಕ ಚಾಷ್ಟಿ ಮಾಡ್ತೀರಂತ ತಿಳಕೊಂಡಿದ್ನಿರಿ," ಎಂದು ಒಳಗೆ ಹೋದಳು.

ಚಾಷ್ಟೀನ ಮಾಡತಿದ್ನೆವಾ ಎಂಬ ಒಂದು ಮಾತನ್ನು ಶೇಖವ್ವ ಆಕೆಯ ಹಿಂದೆ ಕೂಗಿ ಹೇಳಬೇಕಿತ್ತು. ಎಲ್ಲಾ ಮಾತೂ ಹಿಂದುಮುಂದು ನೋಡದೆ ಹೊರಗೆ ಹಾರುವ ಬಾಯಿಗೆ ಅವತ್ತೇ ಬೀಗ ಬೀಳಬೇಕೆ!

ಮುಂದಿನ ಐತವಾರ ಹಿತ್ತಲ ಒಲಿ ಹೊತ್ತಲಿಲ್ಲ. ಫಕೀರವ್ವ ಒಳಗೆ ಗ್ಯಾಸಿನ ಮೇಲೆ ಸುಕ್ಕಾ ಮಾಡಿ, ಕಿಡಕಿ ಬಾಗಿಲು ಎಲ್ಲಾ ಹಾಕಿಕೊಂಡಳು. ದೇವರಿರುವುದು ಒಲಿಯಲ್ಲಿ, ಗ್ಯಾಸಿನಲ್ಲಿ ಯಾವ ದೇವರೂ ಇಲ್ಲ ಎಂದು ತನಗೆ ತಾನೇ ಅಪ್ಪಣೆ ಕೊಟ್ಟುಕೊಂಡಳಂತೆ. ಶೇಖವ್ವ ಕುರ್ಚಿ ಹಾಕಿಕೊಂಡು ಕೂತಳು. ಹೊಗಿ ಇಲ್ಲ, ವಾಸನಿ ಇಲ್ಲ, ಬೈಯಲು ಒಂದು ನರಪಿಳ್ಳಿ ಇಲ್ಲ. ಸೆರಗು ತನ್ನಷ್ಟಕ್ಕೆ ತಾನು ಹೆಗಲ ಮೇಲಿತ್ತು.

"ಇವತ್ತ ಆರಾಮ ಅನಸ್ತೇನ ಯವ್ವಾ?" ಎಂದು ಮಗ ಕೇಳಿದ.

"ಭಾಳ ಆರಾಮ," ಎಂದು ಶೇಖವ್ವ ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದಳು. ಅಷ್ಟು ಆರಾಮಾಗಿತ್ತು.

ಅದರ ಮುಂದಿನ ಐತವಾರ ಗೌಂಡಿ ಹನಮಪ್ಪ ಬಂದ. ಗುರುಸಂಗಪ್ಪ ಅಂಗಡಿ ಬಿಟ್ಟು ತಾನೇ ನಿಂತ. ತಾಯಿ ಕಣ್ಣಾರೆ ನೋಡಿ ಸಂತೋಷ ಪಡಲಿ ಎಂದು ಗ್ವಾಡಿಯ ಎದುರಿಗೆ ಆಕೆಯ ಕುರ್ಚಿಯನ್ನೂ ಹಾಕಿಸಿದ. ಹನಮಪ್ಪ ಕರಣಿಯಿಂದ ಸಿಮೆಂಟು ಹಾಕುತ್ತಾ ಒಂದು ಸಾಲು ಏರಿಸಿದ, ಇನ್ನೊಂದು ಏರಿಸಿದ. ಶೇಖವ್ವನ ಕಣ್ಣೆದುರಿಗೆ ಫಕೀರವ್ವನ ಹಿತ್ತಲ ನುಗ್ಗಿ ಗಿಡ ಕೆಳಗಿನಿಂದ ಮುಚ್ಚುತ್ತಾ ಬಂತು.

ಆ ಕಡೆ ಅದೇ ದಿನ ಬೀಗರು ಬಂದಿದ್ದರು. ಫಕೀರವ್ವನ ಹೊಸ ಸೊಸೆ ನೇತ್ರಾಳ ಅಣ್ಣಂದಿರು, ಜಕ್ಕಲಿಯವರು. ದೊಡ್ಡ ಪಾತೇಲಿ ಗ್ಯಾಸಿನ ಮೇಲೆ ಕೂಡುವಂಥದ್ದಲ್ಲ, ಹಿತ್ತಲ ಒಲಿಯೇ ಗತಿ. ಆದರೆ ಗೌಂಡಿಯ ಮುಂದೆ, ಶೇಖವ್ವನ ಮುಂದೆ ಮಾರಿ ತೋರಿಸುವುದಿಲ್ಲ ಎಂದು ಫಕೀರವ್ವ ಹಟ ಹಿಡಿದು ಒಳಗೇ ರೊಟ್ಟಿ ಬಡಿಯುತ್ತಾ ಕೂತಳು. ಸೊಸೆ ಒಬ್ಬಳೇ ಹೊರಗೆ ಬಂದಳು. ಹಿಂದೆಂದೂ ಒಬ್ಬಳೇ ಖಂಡ ಹುರಿದಾಕೆ ಅಲ್ಲ. ಕಟ್ಟಿಯ ಮೇಲೆ ಮೊಬೈಲ್ ನಿಲ್ಲಿಸಿಕೊಂಡಿದ್ದಳು, ಅದರೊಳಗೆ ಯಾರೋ ಒಬ್ಬಾಕೆ ಗ್ವಾಡಿಯಾಚೆಗೂ ಕೇಳುವಂತೆ ನಕ್ಕೋತ ನಕ್ಕೋತ ಅಡಗಿ ಹೇಳಿಕೊಡುತ್ತಿದ್ದಳು. ಮೊಬೈಲಿನಾಕೆಗೆ ಜಾಲಿ ಕಟ್ಟಿಗಿಯ ಉರಿ ಏನು ಗೊತ್ತು!

ಶೇಖವ್ವನಿಗೆ ಏನೂ ಕಾಣುತ್ತಿರಲಿಲ್ಲ. ಕಾಣುವ ಅಗತ್ಯ ಆಕೆಗೆ ಎಂದೂ ಇರಲಿಲ್ಲ. ಖಂಡ ನೀರು ಬಿಟ್ಟಿತು, ಇಂಗಿತು, ಉಳ್ಳಾಗಡ್ಡಿ ಬಿತ್ತು. ಈಗ ಕಟ್ಟಿಗಿ ಜಗ್ಗಬೇಕು. ಸಪ್ಪಳ ಬರಲಿಲ್ಲ. ಉರಿ ಧಗಧಗ ಅನ್ನುವುದು ಈ ಕಡೆಗೇ ಕೇಳುತ್ತಿತ್ತು. ಅಷ್ಟರಲ್ಲಿ ಖಾರ ಬಿದ್ದೇ ಬಿಟ್ಟಿತು.

ಹನಮಪ್ಪ ಕೆಮ್ಮಿದ. ಗುರುಸಂಗಪ್ಪ ಕೆಮ್ಮುತ್ತಾ, "ನೋಡು ಯವ್ವಾ, ಇದಕ್ಕಂತನ..." ಅನ್ನುವಷ್ಟರಲ್ಲಿ ಶೇಖವ್ವ ಕುರ್ಚಿ ಹಿಂದಕ್ಕೆ ಕೆಡವಿ ಎದ್ದು ನಿಂತಿದ್ದಳು.

"ಏ ಹುಡುಗಿ! ಕಟ್ಟಿಗಿ ಜಗ್ಗು! ಖಾರ ಹೊತ್ತತು!"

ಆ ಕಡೆಯಿಂದ ಗಾಬರಿಯ ದನಿ ಬಂತು. "ಯಾರ್ರಿ ಅದು?"

"ಯಾರರ ಆಗಲಿ, ಮೊದಲ ಪಾತೇಲಿ ಇಳಸು! ತಳಾ ಕೆರೀಬ್ಯಾಡ! ಮ್ಯಾಲಿಂದಷ್ಟ ಬ್ಯಾರೆ ಪಾತೇಲಿಗೆ ತಗಿ. ತಗದೇ?"

"ತಗದ್ನಿರಿ ಅಮ್ಮಾರ."

"ಮತ್ತ ಖಾರಕ್ಕ ಕೈ ಹಚ್ಚಬ್ಯಾಡ. ಬಿಸಿನೀರ ಚಿಮಕಸು, ಸುರವಬ್ಯಾಡ, ಚಿಮಕಸು! ಹುರದ ಕೊಬ್ಬರಿ ಪುಡಿ ಉಳದೈತೇನು? ಎಲ್ಲಾ ಹಾಕು. ಕೆಂಡದ ಮ್ಯಾಲ ಇಟ್ಟು ಮುಚ್ಚು. ಇಳಿಸಿದ ಮ್ಯಾಲ ಲಿಂಬಿಹಣ್ಣು ಹಿಂಡು. ಆ ಮೊಬೈಲಿನಾಕಿಗೆ ಬಾಯಿ ಮುಚ್ಚಂತ ಹೇಳು!"

ಹನಮಪ್ಪ ಕರಣಿ ಹಿಡಿದುಕೊಂಡೇ, "ಅವ್ವಾರ, ನಮ್ಮನಿಯಾಕಿಗೂ ಒಂದ್ ಸಲ ಹೇಳಿಕೊಡ್ರಿ," ಅಂದ.

ಗುರುಸಂಗಪ್ಪನ ಮಾರಿ ನೋಡುವಂತಿತ್ತು. "ಯವ್ವಾ, ನಿನಗ ಇದೆಲ್ಲಾ ಹ್ಯಾಂಗ ಗೊತ್ತು?"

"ಮೂಗ ಐತಿ, ಗೊತ್ತಾಗೇತಿ."

"ಮತ್ತ ವಾಸನಿಗೆ ಸಾಯ್ತೀನಿ ಅಂತಿದ್ದಿ?"

"ಸಾಯಾಕಿ ಕುರ್ಚಿ ಹಾಕ್ಕೊಂಡು ಬಂದು ಇಲ್ಲೇ ಯಾಕ ಕುಂದರತಿದ್ನೋ? ಒಳಗ ಬಾಗಲಾ ಹಾಕ್ಕೊಂಡು ಮಲಗತಿದ್ದಿಲ್ಲೇನು? ಇಷ್ಟೂ ತಿಳಿಯಂಗಿಲ್ಲ, ಅಂಗಡಿ ಹ್ಯಾಂಗ ನಡಸ್ತೀಯೋ ಮಾರಾಯಾ!" ಆಮೇಲೆ ಗ್ವಾಡಿಯ ಕಡೆ ಬೆರಳು ತೋರಿಸಿದಳು. "ಇದನ್ನ ತಗಿಸು."

"ಯವ್ವಾ, ನಾ ಊರಿಗೆಲ್ಲಾ ಹೇಳಿಕೊಂಡು ಬಂದೀನಿ!"

"ನಿನ್ನ ಊರ ಐತವಾರಕ್ಕೊಮ್ಮೆ ನನ್ನ ಜೋಡಿ ಮಾತಾಡಾಕ ಬರ್ತೈತೇನು? ಫಕೀರವ್ವ ಬರ್ತಿದ್ಲು. ಆಕಿ ಮಾರಿ ಕಾಣಬೇಕು ನನಗ. ಆ ವಾಸನೀನೂ ಬೇಕು. ಹೇಳೀನಿ ನೋಡು, ಕೇಳಿದೇನು? ಹೋಗು, ಇದನ್ನೂ ಊರಿಗೆ ಹೇಳು."

ಈ ಮಾತು ಕೇಳಬೇಕಾದವಳು ಆ ಕಡೆ ಬಾಗಿಲ ಹಿಂದೆ ನಿಂತಿದ್ದಳು. ರೊಟ್ಟಿಯ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, ಹೊಸ ಸಾಲಿನ ಮೇಲೆ ಕಾಣುವಂತೆ ಕಟ್ಟಿ ಏರಿ ನಿಂತಳು.

"ನನ್ನ ಸೊಸಿಗೆ ಬೈಯಾಕ ನಿಮಗ ಯಾರ ಹೇಳ್ಯಾರ್ರಿ?"

"ನೀ ಬರಲಿಲ್ಲಲ್ಲ, ಮತ್ಯಾರ ಬೈಬೇಕು? ಬೀಗರ ಮುಂದ ನಿನ್ನ ಮಾನಾ ಹೋಗತಿತ್ತು."

"ಗ್ವಾಡಿ ಹಿಂದ ನಿಂತು ಒದರಬ್ಯಾಡ್ರಿ. ನನಗ ಕೇಳಂಗಿಲ್ಲ."

"ತಡಿಯೇ, ತಗ್ಯಾಕತ್ತಾರ! ಹನಮಪ್ಪಾ, ಏನ ನೋಡ್ಕೊಂತ ನಿಂತಿ? ಸಿಮೆಂಟ್ ಒಣಗಾಕ ಹತ್ತಿತು!"

ಹನಮಪ್ಪ ಧಣಿಯ ಮಾರಿ ನೋಡಿದ. ಧಣಿ ಇಟ್ಟಂಗಿಯ ರಾಶಿ ನೋಡಿದ. ಕೊನೆಗೆ ಧಣಿಯೇ ಅಂಗಿಯ ತೋಳು ಮಡಿಸಿ, ಹಸಿ ಇಟ್ಟಂಗಿ ಒಂದೊಂದೇ ಕಿತ್ತು ಕೆಳಗೆ ಇಡತೊಡಗಿದ. ಮಗ ಅವ್ವನ್ನ ಎಷ್ಟು ಚಲೋ ನೋಡಿಕೊಳ್ಳುತ್ತಾನೆ ಎಂಬುದು ಅವತ್ತು ಗೌಂಡಿಗೂ ಗೊತ್ತಾಯಿತು.

ಜಕ್ಕಲಿಯವರು ಬೆರಳು ನೆಕ್ಕಿಕೊಂಡು ಉಂಡರು. ತಂಗಿಯ ಕೈಗುಣ ಹೊಗಳಿದರು. ನೇತ್ರಾ ತಲೆ ತಗ್ಗಿಸಿ ಹೊಗಳಿಸಿಕೊಂಡಳು, ಫಕೀರವ್ವ ಎಲ್ಲಾ ನಾ ಕಲಿಸಿದ್ದು ಎಂದು ಅದರಲ್ಲಿ ಅರ್ಧ ಕಸಿದುಕೊಂಡಳು. ಶೇಖವ್ವನ ಪಾಲಿಗೆ ಏನೂ ಉಳಿಯಲಿಲ್ಲ. ಉಳಿದರೂ ಎಲ್ಲಿಟ್ಟುಕೊಂಡಾಳು? ಖಂಡದ ಸುಕ್ಕಾ ಉಳಿಸಿಕೊಟ್ಟೆ ಎಂದು ಮಠದಲ್ಲಿ ಹೇಳಲಿಕ್ಕೆ ಬರುತ್ತದೆಯೆ?

ಬೀಗರನ್ನು ಕಳಿಸಿ ಫಕೀರವ್ವ ಗ್ವಾಡಿಗೆ ಬಂದಳು. ಅದು ಮತ್ತೆ ಎದೆಮಟ್ಟಕ್ಕೆ ಇಳಿದಿತ್ತು, ಮೇಲೆ ಇನ್ನೂ ಹಸಿ ಸಿಮೆಂಟು. ಇಬ್ಬರೂ ಅದರ ಮೇಲೇ ಕೈ ಊರಿ ನಿಂತರು.

"ಲಿಂಬಿಹಣ್ಣು ಹೆಚ್ಚಾಗಿತ್ರಿ ಯಕ್ಕಾರ."

"ನನ್ನ ಮುಂದ ಯಾಕ ಹೇಳ್ತಿ? ನಾ ತಿಂದೇನೇನು?"

"ತಿನ್ನಲಾರದಕ್ಕನ ಇಷ್ಟ ಐತಿ. ತಿಂತಿದ್ರ ನಮಗ ಒಲಿ ಹತ್ತರ ಹೋಗಾಕ ಬಿಡ್ತಿದ್ದಿಲ್ಲ ನೀವು."

"ಕೈ ತಗಿಯೇ, ಸಿಮೆಂಟ್ ಹತ್ತತೈತಿ," ಎಂದಳು ಶೇಖವ್ವ. ತನ್ನ ಕೈಯನ್ನು ಮಾತ್ರ ತೆಗೆಯಲಿಲ್ಲ.